ಪಕ್ಷವನ್ನು ಒಪ್ಪುತ್ತೇನೆ, ಅಭ್ಯರ್ಥಿಯನ್ನು ಒಪ್ಪಲಾರೆ: ಮೇ 10ರಂದು ಯಾರಿಗೆ ಮತ?

ತಾಲ್ಲೂಕಿನ ಮತದಾರ, 26 ಏಪ್ರಿಲ್ 2023

ನಾಮಪತ್ರ ಹಿಂಪಡೆಯುವ ಅವಧಿ ಮೊನ್ನೆ ಮುಗಿದು, ನಮ್ಮ ಕ್ಷೇತ್ರದಲ್ಲಿ ಯಾರ್ಯಾರು ಕಣದಲ್ಲಿ ಉಳಿದಿದ್ದಾರೆ ಎಂಬುದು ಖಚಿತವಾಗಿದೆ. ಅಂದಿನಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆಯನ್ನು ಇಲ್ಲಿ ಇಡುತ್ತಿದ್ದೇನೆ. ಹಳೇ ಮೈಸೂರು ಭಾಗದ ಒಂದು ಗ್ರಾಮೀಣ ವಿಧಾನಸಭಾ ಕ್ಷೇತ್ರ ನಮ್ಮದು. ನಾನು ತಾಲ್ಲೂಕು ಕೇಂದ್ರದಲ್ಲಿ ಔಷಧಿ ಅಂಗಡಿ ನಡೆಸುತ್ತೇನೆ. ಪಕ್ಷಗಳ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಹೆಸರು ಬರೆದರೆ ಚರ್ಚೆ ಆ ಹೆಸರುಗಳ ಸುತ್ತಲೇ ಸುತ್ತುತ್ತದೆ, ನನಗೆ ಬೇಕಾಗಿರುವುದು ತೀರ್ಮಾನಕ್ಕೆ ಬರುವ ದಾರಿ.

ಮೊದಲನೆಯ ಅಭ್ಯರ್ಥಿ ನಾನು ಮತ ಹಾಕುತ್ತ ಬಂದಿರುವ ಪಕ್ಷದವರು. ಸರ್ಕಾರಿ ಶಾಲೆ, ಆಸ್ಪತ್ರೆ, ಕೃಷಿ ಈ ಮೂರರ ವಿಷಯದಲ್ಲಿ ಆ ಪಕ್ಷದ ನಿಲುವು ನನಗೆ ಒಪ್ಪಿಗೆ. ಆದರೆ ಈ ಬಾರಿ ಟಿಕೆಟ್ ಪಡೆದವರು ಚುನಾವಣೆ ಘೋಷಣೆಯಾಗುವ ಕೆಲವೇ ವಾರಗಳ ಮೊದಲು ಬೇರೆ ಪಕ್ಷದಿಂದ ಬಂದವರು. ಅದಕ್ಕೂ ಮೊದಲು ಇನ್ನೊಂದು ಪಕ್ಷದಲ್ಲಿದ್ದವರು. ದೊಡ್ಡ ಗುತ್ತಿಗೆದಾರರು. ಅವರ ಮೇಲೆ ಕ್ರಿಮಿನಲ್ ಪ್ರಕರಣಗಳಿವೆ. ಹತ್ತಾರು ವರ್ಷ ಪಕ್ಷಕ್ಕಾಗಿ ದುಡಿದ ಸ್ಥಳೀಯ ಕಾರ್ಯಕರ್ತರನ್ನು ಬದಿಗಿಟ್ಟು ಅವರಿಗೆ ಟಿಕೆಟ್ ಕೊಡಲಾಗಿದೆ.

ಎರಡನೆಯವರು ಎದುರಾಳಿ ಪಕ್ಷದವರು, ಜಿಲ್ಲಾ ಪಂಚಾಯಿತಿಯ ಮಾಜಿ ಸದಸ್ಯರು. ಕೋವಿಡ್ ಎರಡನೆಯ ಅಲೆಯ ಸಮಯದಲ್ಲಿ ತಾಲ್ಲೂಕು ಆಸ್ಪತ್ರೆಗೆ ಆಮ್ಲಜನಕದ ವ್ಯವಸ್ಥೆ ಮಾಡಿಸಲು ಅವರು ಹಗಲಿರುಳು ಓಡಾಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಯಾರು ಬೇಕಾದರೂ ಹೋಗಿ ಮಾತನಾಡಿಸಬಹುದು. ಆದರೆ ಅವರ ಪಕ್ಷದ ರಾಜ್ಯಮಟ್ಟದ ನೀತಿಗಳಲ್ಲಿ ಹಲವನ್ನು ನಾನು ಮನಸಾರೆ ವಿರೋಧಿಸುತ್ತೇನೆ.

ಮೂರನೆಯವರು ರೈತ ಸಂಘಟನೆಯ ಬೆಂಬಲದಿಂದ ನಿಂತಿರುವ ಪಕ್ಷೇತರರು. ಒಳ್ಳೆಯ ಮನುಷ್ಯರು, ಗೆಲ್ಲುವುದಿಲ್ಲವೆಂದು ಎಲ್ಲರೂ ಹೇಳುತ್ತಾರೆ. ನಮ್ಮ ತಾಯಿಯವರದು ಒಂದೇ ಮಾತು: "ಗೆಲ್ಲೋರಿಗೆ ಹಾಕಪ್ಪ, ಓಟು ಯಾಕೆ ಹಾಳು ಮಾಡ್ತೀಯ."

ಇಂಥ ಸಂದರ್ಭದಲ್ಲಿ ಪಕ್ಷವನ್ನು ಮುಂದಿಟ್ಟುಕೊಳ್ಳಬೇಕೇ, ವ್ಯಕ್ತಿಯನ್ನೇ? ನೀವು ಹೇಗೆ ತೂಗಿ ನೋಡುತ್ತೀರಿ ಎಂಬುದನ್ನು ದಯವಿಟ್ಟು ವಿವರವಾಗಿ ಬರೆಯಿರಿ.


ನಿವೃತ್ತ ಶಿರಸ್ತೇದಾರ್, 27 ಏಪ್ರಿಲ್ 2023

ಕಂದಾಯ ಇಲಾಖೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತನಾಗಿರುವ ನಾನು ಶಾಸಕರನ್ನು ವೇದಿಕೆಯ ಮೇಲೆ ನೋಡಿದ್ದಕ್ಕಿಂತ ಕಚೇರಿಯ ಸಭೆಗಳಲ್ಲಿ ನೋಡಿದ್ದೇ ಹೆಚ್ಚು. ಆದ್ದರಿಂದ ಶಾಸಕರು ತಾಲ್ಲೂಕಿನಲ್ಲಿ ನಿಜವಾಗಿ ಏನು ಮಾಡುತ್ತಾರೆ ಎಂಬಲ್ಲಿಂದ ಆರಂಭಿಸುತ್ತೇನೆ.

ಶಾಸಕರ ಕೆಲಸ ಕಾನೂನು ಮಾಡುವುದು, ಆಯವ್ಯಯಕ್ಕೆ ಅನುಮೋದನೆ ನೀಡುವುದು, ಸರ್ಕಾರವನ್ನು ಪ್ರಶ್ನಿಸುವುದು ಎಂದು ಪುಸ್ತಕಗಳಲ್ಲಿ ಓದುತ್ತೇವೆ. ಅದು ಸರಿ. ಆದರೆ ನಮ್ಮ ರಾಜ್ಯದಲ್ಲಿ ಬಗರ್ ಹುಕುಂ ಸಾಗುವಳಿಯನ್ನು, ಅಂದರೆ ಅನುಮತಿಯಿಲ್ಲದೆ ಸರ್ಕಾರಿ ಜಮೀನಿನಲ್ಲಿ ಮಾಡಿಕೊಂಡು ಬಂದ ಸಾಗುವಳಿಯನ್ನು, ಸಕ್ರಮಗೊಳಿಸುವ ಸಮಿತಿಗೂ ಶಾಸಕರೇ ಅಧ್ಯಕ್ಷರು. ನಮೂನೆ 50, 53, 57ರಲ್ಲಿ ಅರ್ಜಿ ಕೊಟ್ಟು ವರ್ಷಗಟ್ಟಲೆ ಕಾಯುವ ಬಡ ಸಾಗುವಳಿದಾರನಿಗೆ ಸಾಗುವಳಿ ಚೀಟಿ ಸಿಗುವುದೂ ಸಿಗದಿರುವುದೂ ಆ ಸಮಿತಿ ಸಭೆ ಸೇರುತ್ತದೆಯೋ ಇಲ್ಲವೋ, ಸೇರಿದಾಗ ಯಾರ ಕಡತ ಮೊದಲು ಮೇಜಿಗೆ ಬರುತ್ತದೆ ಎಂಬುದನ್ನು ಅವಲಂಬಿಸಿದೆ. ಸಭೆಯನ್ನೇ ಕರೆಯದೆ ತಿಂಗಳುಗಳನ್ನು ದೂಡಿದ ಶಾಸಕರನ್ನೂ ನೋಡಿದ್ದೇನೆ, ಅರ್ಜಿಗಳ ಜ್ಯೇಷ್ಠತಾ ಪಟ್ಟಿಯನ್ನು ತಾವೇ ಕುಳಿತು ಪರಿಶೀಲಿಸಿದವರನ್ನೂ ನೋಡಿದ್ದೇನೆ. ಇಬ್ಬರೂ ಒಂದೇ ಪಕ್ಷದವರಾಗಿದ್ದರು.

ತಾಲ್ಲೂಕು ಮಟ್ಟದ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಸಭೆಯದೂ ಇದೇ ಕಥೆ. ಮೂರು ತಿಂಗಳಿಗೊಮ್ಮೆ ಎಲ್ಲ ಇಲಾಖೆಗಳ ಅಧಿಕಾರಿಗಳು ಶಾಸಕರ ಮುಂದೆ ಕುಳಿತು ಪ್ರಗತಿ ಒಪ್ಪಿಸಬೇಕು. ಹಿಂದಿನ ಸಭೆಯ ಅನುಪಾಲನಾ ವರದಿಯನ್ನು ಓದಿಕೊಂಡು ಬಂದ ಶಾಸಕರೆದುರು ಯಾವ ಅಧಿಕಾರಿಯೂ ಸುಳ್ಳು ಅಂಕಿ ಹೇಳಲು ಧೈರ್ಯ ಮಾಡುವುದಿಲ್ಲ. ಓದದೆ ಬಂದವರೆದುರು ಕಳೆದ ಸಲದ ಅಂಕಿಯೇ ಮತ್ತೆ ಬರುತ್ತದೆ. ಇದರ ಜೊತೆಗೆ ವರ್ಷಕ್ಕೆ ಎರಡು ಕೋಟಿ ರೂಪಾಯಿ ಪ್ರದೇಶಾಭಿವೃದ್ಧಿ ನಿಧಿ ಇದೆ. ಅಧಿಕಾರಿಗಳ ವರ್ಗಾವಣೆಗೆ ಶಾಸಕರ ಶಿಫಾರಸು ಪತ್ರ ಎಷ್ಟು ನಡೆಯುತ್ತದೆ ಎಂಬುದು ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿದ ಎಲ್ಲರಿಗೂ ಗೊತ್ತು. ತಾಲ್ಲೂಕಿಗೆ ಎಂಥ ತಹಶೀಲ್ದಾರರು, ಎಂಥ ಇನ್ಸ್‌ಪೆಕ್ಟರ್ ಬರುತ್ತಾರೆ ಎಂಬುದರಲ್ಲಿ ನಿಮ್ಮ ಮತದ ಪಾಲೂ ಇದೆ.

ಹೀಗಾಗಿ ಗುತ್ತಿಗೆದಾರರು ಶಾಸಕರಾಗುವುದು ಎಂದರೇನು ಎಂಬುದನ್ನು ದಯವಿಟ್ಟು ಗಂಭೀರವಾಗಿ ಯೋಚಿಸಿ. ಅಭ್ಯರ್ಥಿ ನಾಮಪತ್ರದೊಂದಿಗೆ ಸಲ್ಲಿಸಿರುವ ನಮೂನೆ 26ರ ಪ್ರಮಾಣಪತ್ರವನ್ನು ಚುನಾವಣಾ ಆಯೋಗದ ಜಾಲತಾಣದಲ್ಲಾಗಲಿ "ನೋ ಯುವರ್ ಕ್ಯಾಂಡಿಡೇಟ್" ಆ್ಯಪ್‌ನಲ್ಲಾಗಲಿ ತೆರೆದು ಓದಿ. ಪತ್ರಿಕೆಗಳು ಆಸ್ತಿಯ ಒಟ್ಟು ಮೊತ್ತವನ್ನು ಮಾತ್ರ ಅಚ್ಚು ಹಾಕುತ್ತವೆ, ಅದರಿಂದ ತಿಳಿಯುವುದು ಕಡಿಮೆ. ಕಳೆದ ಐದು ವರ್ಷಗಳ ಆದಾಯ ತೆರಿಗೆ ವಿವರ, ಸರ್ಕಾರಕ್ಕೆ ಕೊಡಬೇಕಾದ ಬಾಕಿ, ಅಭ್ಯರ್ಥಿಯೂ ಅವರ ಪತ್ನಿ ಅಥವಾ ಪತಿಯೂ ಸರ್ಕಾರದೊಂದಿಗೆ ಮಾಡಿಕೊಂಡಿರುವ ಗುತ್ತಿಗೆಗಳು, ಯಾವ ಪ್ರಕರಣದಲ್ಲಿ ನ್ಯಾಯಾಲಯ ದೋಷಾರೋಪ ನಿಗದಿಪಡಿಸಿದೆ ಎಂಬ ಅಂಕಣ, ಇವನ್ನು ನೋಡಿ. ಪ್ರತಿಭಟನೆಯಲ್ಲಿ ರಸ್ತೆ ತಡೆದದ್ದಕ್ಕೆ ದಾಖಲಾದ ಪ್ರಕರಣವೂ ವಂಚನೆಯ ಪ್ರಕರಣವೂ ಪಟ್ಟಿಯಲ್ಲಿ ಒಂದೊಂದು ಸಂಖ್ಯೆಯಾಗಿಯೇ ಕಾಣುತ್ತವೆ. ಕಲಂ ಯಾವುದೆಂದು ನೋಡದೆ ಪ್ರಕರಣಗಳನ್ನು ಎಣಿಸಬಾರದು.

ನನ್ನ ಅಭಿಪ್ರಾಯ ಕೇಳುವುದಾದರೆ, ವಿಧಾನಸಭೆಗೆ ವ್ಯಕ್ತಿಯೇ ಮುಖ್ಯ.


ವಕೀಲರು, ಧಾರವಾಡ, 28 ಏಪ್ರಿಲ್ 2023

ಶಿರಸ್ತೇದಾರ್ ಅವರ ಮಾತುಗಳನ್ನು ಗೌರವದಿಂದ ಓದಿದೆ. ಆದರೆ ಅವರ ಕೊನೆಯ ವಾಕ್ಯವನ್ನು ನಾನು ಒಪ್ಪುವುದಿಲ್ಲ.

1985ರಲ್ಲಿ ಸಂವಿಧಾನದ 52ನೆಯ ತಿದ್ದುಪಡಿಯ ಮೂಲಕ ಪಕ್ಷಾಂತರ ತಡೆಯುವ ಹತ್ತನೆಯ ಅನುಸೂಚಿ ಬಂದ ಮೇಲೆ ಪಕ್ಷದ ಚಿಹ್ನೆಯ ಮೇಲೆ ಗೆದ್ದ ಶಾಸಕರು ಸದನದಲ್ಲಿ ವಿಪ್ (ಹೇಗೆ ಮತ ಹಾಕಬೇಕೆಂಬ ಪಕ್ಷದ ಆದೇಶ) ಉಲ್ಲಂಘಿಸಿ ಮತ ಹಾಕಿದರೆ ಸದಸ್ಯತ್ವವನ್ನೇ ಕಳೆದುಕೊಳ್ಳಬಹುದು. ಅಂದರೆ ನಿಮ್ಮ ಎರಡನೆಯ ಅಭ್ಯರ್ಥಿ ಎಷ್ಟೇ ಸಜ್ಜನರಾಗಿರಲಿ, ವಿಶ್ವಾಸಮತದ ದಿನ, ಆಯವ್ಯಯದ ದಿನ, ನೀವು ವಿರೋಧಿಸುವ ಮಸೂದೆಯೊಂದು ಮತಕ್ಕೆ ಬಂದ ದಿನ ಅವರು ಎತ್ತುವ ಕೈ ಅವರ ಪಕ್ಷದ್ದು. ನೀವು ಯಾವ ನೀತಿಗಳನ್ನು ಮನಸಾರೆ ವಿರೋಧಿಸುತ್ತೀರೋ ಅವುಗಳಿಗೆ ನಿಮ್ಮ ಕ್ಷೇತ್ರದಿಂದ ಒಂದು ಸಂಖ್ಯೆ ಸೇರುತ್ತದೆ. 224 ಸ್ಥಾನಗಳ ಸದನದಲ್ಲಿ 113 ಎಂಬ ಗೆರೆಯನ್ನು ಯಾರು ದಾಟುತ್ತಾರೆ ಎಂಬುದು ಅವರ ಸಜ್ಜನಿಕೆಯನ್ನು ಅವಲಂಬಿಸಿಲ್ಲ. ನಮ್ಮಲ್ಲಿ ಮುಖ್ಯಮಂತ್ರಿಯನ್ನು ನೇರವಾಗಿ ಆರಿಸುವ ಪದ್ಧತಿ ಇಲ್ಲ. ಸರ್ಕಾರ ಯಾರದು ಎಂಬುದಕ್ಕೂ ತಾಲ್ಲೂಕಿನ ಕೆಡಿಪಿ ಸಭೆಯಲ್ಲಿ ಯಾರು ಕೂರಬೇಕು ಎಂಬುದಕ್ಕೂ ಒಂದೇ ಗುಂಡಿ ಒತ್ತಬೇಕು. ನಿಮ್ಮ ಸಂಕಟದ ಮೂಲವಿರುವುದು ಅಲ್ಲಿಯೇ.

ಲೋಕಸಭೆಗೂ ವಿಧಾನಸಭೆಗೂ ಬೇರೆ ಬೇರೆ ಲೆಕ್ಕ ಹಾಕುವುದು ನಮ್ಮ ರಾಜ್ಯದ ಮತದಾರರಿಗೆ ಹೊಸದಲ್ಲ. 1984ರ ಡಿಸೆಂಬರಿನಲ್ಲಿ ಇಲ್ಲಿನ 28 ಲೋಕಸಭಾ ಸ್ಥಾನಗಳಲ್ಲಿ 24ನ್ನು ಕಾಂಗ್ರೆಸ್ಸಿಗೆ ಕೊಟ್ಟ ಜನ, ರಾಮಕೃಷ್ಣ ಹೆಗಡೆಯವರು ರಾಜೀನಾಮೆ ನೀಡಿ ಮತ್ತೆ ಜನಾದೇಶ ಕೇಳಿದಾಗ, 1985ರ ಮಾರ್ಚಿನಲ್ಲಿ ಜನತಾ ಪಕ್ಷಕ್ಕೆ 139 ಸ್ಥಾನ ಕೊಟ್ಟರು. ಎರಡು ಚುನಾವಣೆಗಳ ನಡುವೆ ಮೂರು ತಿಂಗಳೂ ಇರಲಿಲ್ಲ. ಆದರೆ ಆಗ ಎರಡು ಮತಪತ್ರಗಳಿದ್ದವು. ನಿಮ್ಮ ಕೈಯಲ್ಲಿ ಇರುವುದು ಒಂದೇ.

ಇಷ್ಟು ಹೇಳಿದ ಮೇಲೆ ನನ್ನ ವಾದವನ್ನೇ ದುರ್ಬಲಗೊಳಿಸುವ ಸಂಗತಿಯನ್ನೂ ಹೇಳಲೇಬೇಕು. 2018ರಲ್ಲಿ ಗೆದ್ದವರಲ್ಲಿ 17 ಶಾಸಕರು 2019ರ ಬೇಸಿಗೆ ಮುಗಿಯುವಷ್ಟರಲ್ಲಿ ತಮ್ಮ ಪಕ್ಷಗಳಿಂದ ದೂರ ಸರಿದರು. ಜುಲೈ 23ರಂದು ಎಚ್.ಡಿ. ಕುಮಾರಸ್ವಾಮಿಯವರ ಸರ್ಕಾರ 99ಕ್ಕೆ 105 ಮತಗಳಿಂದ ಬಿದ್ದಿತು. ಸಭಾಧ್ಯಕ್ಷರಾಗಿದ್ದ ರಮೇಶ್ ಕುಮಾರ್ ಅವರು ಆ 17 ಮಂದಿಯನ್ನೂ ಅನರ್ಹಗೊಳಿಸಿದರು. ನವೆಂಬರ್ 13ರಂದು ಸರ್ವೋಚ್ಚ ನ್ಯಾಯಾಲಯ ಅನರ್ಹತೆಯನ್ನು ಎತ್ತಿಹಿಡಿಯಿತಾದರೂ ಸದನದ ಅವಧಿ ಮುಗಿಯುವವರೆಗೂ ಸ್ಪರ್ಧಿಸಬಾರದೆಂಬ ಭಾಗವನ್ನು ರದ್ದುಪಡಿಸಿತು. ಡಿಸೆಂಬರ್ 5ರಂದು 15 ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆದು, ಅನರ್ಹಗೊಂಡವರಲ್ಲಿ ಬಿಜೆಪಿ ಟಿಕೆಟ್ ಪಡೆದು ನಿಂತ 13 ಮಂದಿಯಲ್ಲಿ 11 ಮಂದಿ ಮತ್ತೆ ಗೆದ್ದರು. ಪಕ್ಷವನ್ನು ನೋಡಿ ಮತ ಹಾಕಿದ್ದವರ ಆದೇಶ ಏನಾಯಿತು ಎಂಬುದನ್ನು ಆ ಕ್ಷೇತ್ರಗಳ ಜನರೇ ಹೇಳಬೇಕು. ಕಾನೂನು ಸದನದೊಳಗೆ ಕೈಯನ್ನು ಕಟ್ಟುತ್ತದೆ, ರಾಜೀನಾಮೆ ಬರೆಯುವ ಕೈಯನ್ನು ಕಟ್ಟಲಾರದು.

ಆದ್ದರಿಂದ ಪಕ್ಷಕ್ಕೆ ಮತ ಹಾಕುವವರು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ, ಈ ಅಭ್ಯರ್ಥಿ ಐದು ವರ್ಷ ಈ ಪಕ್ಷದಲ್ಲಿಯೇ ಇರುತ್ತಾರೆಯೇ ಎಂಬುದು. ನಿಮ್ಮ ಮೊದಲನೆಯ ಅಭ್ಯರ್ಥಿ ಈಗಾಗಲೇ ಎರಡು ಪಕ್ಷಗಳನ್ನು ಬಿಟ್ಟು ಬಂದವರು. ಅವರಿಗೆ ಹಾಕಿದ ಮತ ನಿಜವಾಗಿ ಪಕ್ಷಕ್ಕೆ ತಲಪುತ್ತದೆಯೇ ಎಂಬ ಸಂಶಯ ನ್ಯಾಯವಾದದ್ದೇ. ಅವರು ಆ ಪಕ್ಷದಲ್ಲಿಯೇ ಬೆಳೆದವರಾಗಿದ್ದರೆ, ನಡತೆಯಲ್ಲಿ ಸಾಧಾರಣರಾಗಿದ್ದರೂ, ಪಕ್ಷಕ್ಕೇ ಹಾಕಿ ಎಂದು ಎರಡು ಮಾತಿಲ್ಲದೆ ಹೇಳುತ್ತಿದ್ದೆ.


ಗ್ರಾಮ ಪಂಚಾಯಿತಿ ಸದಸ್ಯೆ, ಕೊಪ್ಪಳ ಜಿಲ್ಲೆ, 30 ಏಪ್ರಿಲ್ 2023

ಶಿರಸ್ತೇದಾರ್ ಸರ್ ಮತ್ತು ವಕೀಲ ಸರ್ ಇಬ್ಬರೂ ಚೆನ್ನಾಗಿ ವಿವರಿಸಿದ್ದಾರೆ. ನಾನು 2020ರ ಡಿಸೆಂಬರಿನಲ್ಲಿ ನಡೆದ ಪಂಚಾಯಿತಿ ಚುನಾವಣೆಯಲ್ಲಿ ಗೆದ್ದವಳು. ಆ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ, ವ್ಯಕ್ತಿಯನ್ನೇ ನೋಡಿ ಮತ ಹಾಕುತ್ತಾರೆ ಎಂದು ಹೇಳುತ್ತಾರೆ. ಒಳಗಿದ್ದು ನೋಡಿದವಳಾಗಿ ಹೇಳುತ್ತೇನೆ, ಅಲ್ಲಿ ವ್ಯಕ್ತಿ ಎಂದರೆ ಹಲವು ಸಲ ಓಣಿ ಮತ್ತು ಜಾತಿ. ಹಿರಿಯರು ಗುಡಿಯ ಕಟ್ಟೆಯ ಮೇಲೆ ಕುಳಿತು ತೀರ್ಮಾನಿಸುತ್ತಾರೆ, ಮನೆಯ ಗಂಡಸರು ಅದನ್ನು ಒಳಗೆ ತಂದು ಹೇಳುತ್ತಾರೆ. "ಪಕ್ಷವೋ ವ್ಯಕ್ತಿಯೋ" ಎಂದು ಒಬ್ಬರೇ ಕುಳಿತು ಯೋಚಿಸುವ ಅವಕಾಶ ನಿಮಗೆ ಸಿಕ್ಕಿದೆ ಎಂಬುದೇ ದೊಡ್ಡದು ಅಣ್ಣಾ, ಅದನ್ನು ಪೂರ್ತಿಯಾಗಿ ಬಳಸಿಕೊಳ್ಳಿ.

ನಮ್ಮ ಹೆಣ್ಣುಮಕ್ಕಳಿಗೆ ನಾನು ಹೇಳುವುದು ಮತಯಂತ್ರದ ಬಗ್ಗೆ. ಗುಂಡಿ ಒತ್ತಿದ ಮೇಲೆ ಪಕ್ಕದ ವಿವಿಪ್ಯಾಟ್ ಪೆಟ್ಟಿಗೆಯಲ್ಲಿ ಚೀಟಿ ಏಳು ಸೆಕೆಂಡು ನಿಮಗೆ ಮಾತ್ರ ಕಾಣಿಸಿ ಒಳಗೆ ಬೀಳುತ್ತದೆ, ಯಾರಿಗೆ ಹಾಕಿದಿರಿ ಎಂಬುದು ಮನೆಯವರಿಗೂ ಗೊತ್ತಾಗುವುದಿಲ್ಲ ಎಂದು ಹೇಳಿದಾಗ ಅವರ ಮುಖದಲ್ಲಿ ಧೈರ್ಯ ಬರುವುದನ್ನು ನೋಡಿದ್ದೇನೆ. ಆದರೆ ಒಂದು ಭಯ ಸುಳ್ಳಲ್ಲ. ಎಣಿಕೆಯ ನಂತರ ಪ್ರತಿ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಮತ ಬಿದ್ದವು ಎಂಬ ಲೆಕ್ಕ ಎಲ್ಲರಿಗೂ ಸಿಗುತ್ತದೆ. ಸಣ್ಣ ತಾಂಡಾದ್ದೋ ಸಣ್ಣ ಊರಿನದೋ ಮತಗಟ್ಟೆ ಒಂದೇ ಆಗಿದ್ದರೆ ಆ ಊರು ಯಾರ ಕಡೆ ವಾಲಿತು ಎಂಬುದು ಗೆದ್ದವರಿಗೆ ತಿಳಿದುಹೋಗುತ್ತದೆ. "ನಿಮ್ಮ ಊರಿನಿಂದ ನಮಗೆ ಏನೂ ಬಂದಿಲ್ಲ" ಎಂಬ ಮಾತನ್ನು ಕುಡಿಯುವ ನೀರಿನ ಪೈಪಿಗಾಗಿ ಹೋದಾಗ ಕೇಳಬೇಕಾಗುತ್ತದೆ. "ಗೆಲ್ಲೋರಿಗೆ ಹಾಕು" ಎನ್ನುವ ಅಮ್ಮನವರ ಮಾತನ್ನು ಹಗುರವಾಗಿ ನೋಡಬೇಡಿ. ಅದರ ಹಿಂದೆ ಇಂಥ ಅನುಭವವಿರುತ್ತದೆ.

ಆದರೂ ನನ್ನ ಒಲವು ಪಕ್ಷದ ನೀತಿಯ ಕಡೆಗೇ ಇದೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ನಮ್ಮ ವಾರ್ಡಿನ ಮನೆಗಳಿಗೆ ಶಾಸಕರು ಬಂದದ್ದು ಕಡಿಮೆ. ಶಾಲೆಗೆ ಹೋಗುವ ಹುಡುಗಿಗೆ ಸೈಕಲ್ ಬಂತು, ಹೆಣ್ಣುಮಗು ಹುಟ್ಟಿದಾಗ ಭಾಗ್ಯಲಕ್ಷ್ಮಿ ಬಾಂಡ್ ಬಂತು, 2013ರಿಂದ ಅನ್ನಭಾಗ್ಯದ ಅಕ್ಕಿ ಬಂತು, ಅದೇ ವರ್ಷ ಶಾಲೆಯಲ್ಲಿ ಮಕ್ಕಳಿಗೆ ಹಾಲು ಬಂತು. ಇವು ಬೇರೆ ಬೇರೆ ಸರ್ಕಾರಗಳ ತೀರ್ಮಾನಗಳು, ಯಾವ ಒಬ್ಬ ಶಾಸಕರ ಒಳ್ಳೆಯತನದಿಂದಲೂ ಬಂದವಲ್ಲ. ಈ ಸಲವೂ ಎಲ್ಲ ಪಕ್ಷಗಳೂ ಭರವಸೆ ಕೊಡುತ್ತಿವೆ. ಅವುಗಳಲ್ಲಿ ಯಾವುದು ಯಾರ ಮನೆಗೆ ತಲಪುತ್ತದೆ, ಅದಕ್ಕೆ ಹಣ ಎಲ್ಲಿಂದ, ಕೊಡುತ್ತೇವೆ ಎನ್ನುವವರು ಹಿಂದೆ ಹೇಳಿದ್ದನ್ನು ಎಷ್ಟು ಮಾಡಿದ್ದಾರೆ ಎಂದು ಕೇಳಿ ನೋಡಿ. ಬಡವರಿಗೆ ಸರ್ಕಾರದ ನೀತಿ ದೂರದ ವಿಷಯವಲ್ಲ, ಅದು ಅಡುಗೆಮನೆಯ ವಿಷಯ.

ಎರಡನೆಯ ಅಭ್ಯರ್ಥಿಯನ್ನು ಒಂದು ಮಾತು ಕೇಳಿ. ತಮ್ಮ ಪಕ್ಷ ತಪ್ಪು ಮಾಡಿದೆ ಎನಿಸಿದಾಗ ಅವರು ಎಂದಾದರೂ ಬಹಿರಂಗವಾಗಿ ಮಾತನಾಡಿದ್ದಾರೆಯೇ? ಅವರ ಉತ್ತರಕ್ಕಿಂತ ಉತ್ತರ ಕೊಡುವ ರೀತಿಯಿಂದ ನಿಮಗೆ ಹೆಚ್ಚು ತಿಳಿಯುತ್ತದೆ. ಹಾಗೆಯೇ ಯಾರ ಬಳಗ ಸೀರೆ, ಕುಕ್ಕರ್, ನೋಟು ಹಂಚುತ್ತಿದೆ ಎಂಬುದನ್ನೂ ಗಮನಿಸಿ. ಅಭ್ಯರ್ಥಿಯ ವೆಚ್ಚದ ಮಿತಿ 40 ಲಕ್ಷ ರೂಪಾಯಿ. ಒಂದು ಹೋಬಳಿಯಲ್ಲಿಯೇ ಅಷ್ಟು ಹರಿಯುವುದನ್ನು ಕಣ್ಣಿಂದ ನೋಡುತ್ತಿದ್ದರೆ, ಆ ಹಣವನ್ನು ನಾಳೆ ಎಲ್ಲಿಂದ ಹಿಂದಕ್ಕೆ ತೆಗೆಯುತ್ತಾರೆ ಎಂಬ ಪ್ರಶ್ನೆ ತಾನಾಗಿಯೇ ಬರುತ್ತದೆ.


ತಾಲ್ಲೂಕಿನ ಮತದಾರ, 2 ಮೇ 2023

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನಮೂನೆ 26ನ್ನು ಎರಡೂ ಪಕ್ಷಗಳ ಅಭ್ಯರ್ಥಿಗಳದ್ದು ತೆಗೆದು ಓದಿದೆ. ಮೊದಲನೆಯವರ ಪ್ರಕರಣಗಳಲ್ಲಿ ಒಂದು ಹಳೆಯ ಪ್ರತಿಭಟನೆಗೆ ಸಂಬಂಧಿಸಿದ್ದು, ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಉಳಿದವು ವಂಚನೆ ಮತ್ತು ಬೆದರಿಕೆಯ ಕಲಂಗಳು. ಒಂದರಲ್ಲಿ ನ್ಯಾಯಾಲಯ ದೋಷಾರೋಪ ನಿಗದಿಪಡಿಸಿದೆ. ಸರ್ಕಾರದೊಂದಿಗಿನ ಗುತ್ತಿಗೆಗಳ ಅಂಕಣದಲ್ಲಿ ಪತ್ನಿಯ ಹೆಸರಿನಲ್ಲಿ ರಸ್ತೆ ಕಾಮಗಾರಿಗಳಿವೆ. ಎರಡನೆಯವರಿಗೆ ಪ್ರಕರಣಗಳಿಲ್ಲ, ಸಹಕಾರ ಬ್ಯಾಂಕಿನ ಸಾಲವಿದೆ.

ಪಂಚಾಯಿತಿ ಸದಸ್ಯೆಯವರು ಹೇಳಿದಂತೆ ಎರಡನೆಯವರನ್ನು ಪ್ರಚಾರದ ನಡುವೆ ಅಂಗಡಿಯ ಮುಂದೆಯೇ ಕೇಳಿದೆ. ತಮ್ಮ ಪಕ್ಷದ ಒಂದು ತೀರ್ಮಾನದಿಂದ ನಮ್ಮ ಭಾಗದ ರೈತರಿಗೆ ತೊಂದರೆಯಾದಾಗ ಜಿಲ್ಲಾ ಪಂಚಾಯಿತಿಯ ಸಭೆಯಲ್ಲಿ ಆಕ್ಷೇಪ ಎತ್ತಿದ್ದಾಗಿ ಹೇಳಿ, ಅದು ನಡಾವಳಿಯಲ್ಲಿದೆ ಎಂದರು. ಉಳಿದ ವಿಷಯಗಳಲ್ಲಿ ಪಕ್ಷದ ನಿಲುವೇ ತಮ್ಮ ನಿಲುವು ಎಂದರು. ಮುಚ್ಚಿಡದೆ ಹೇಳಿದರು ಎಂಬುದಕ್ಕೆ ಗೌರವ ಹೆಚ್ಚಾಯಿತು, ಭಿನ್ನಾಭಿಪ್ರಾಯ ಹಾಗೆಯೇ ಉಳಿಯಿತು.

ಈಗ ಇನ್ನೊಂದು ಪ್ರಶ್ನೆ. ಇಬ್ಬರನ್ನೂ ಬಿಟ್ಟು ಪಕ್ಷೇತರರಿಗೆ ಹಾಕುವುದು, ಅಥವಾ ನೋಟಾ (ಯಾರಿಗೂ ಮತವಿಲ್ಲ ಎಂಬ ಗುಂಡಿ) ಒತ್ತುವುದು, ಇವುಗಳಿಗೆ ಅರ್ಥವಿದೆಯೇ?


ಸಾಗರದ ಓದುಗ, 3 ಮೇ 2023

ಪಕ್ಷೇತರರಿಗೆ ಅಥವಾ ಸಣ್ಣ ಪಕ್ಷಕ್ಕೆ ಹಾಕಿದ ಮತ ಹಾಳಾಗುತ್ತದೆ ಎಂಬ ಮಾತನ್ನು ನಮ್ಮ ಊರಿನವರು ಸುಲಭವಾಗಿ ಒಪ್ಪಲಾರರು. 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಸಾಗರ–ಹೊಸನಗರ ಕ್ಷೇತ್ರದಿಂದ ಸಮಾಜವಾದಿ ಪಕ್ಷದ ಶಾಂತವೇರಿ ಗೋಪಾಲಗೌಡರು ಗೆದ್ದಾಗ ಅವರ ಬಳಿ ಹಣವಿರಲಿಲ್ಲ. ಒಂದು ವೋಟಿನ ಜೊತೆಗೆ ಒಂದು ನೋಟನ್ನೂ ಜನರಿಂದಲೇ ಕೇಳಿದ ರಾಜಕಾರಣ ಅವರದು. ಮತದಾರ ಅಭ್ಯರ್ಥಿಗೆ ಹಣ ಕೊಡುತ್ತಿದ್ದ ಮಲೆನಾಡಿನಲ್ಲಿಯೇ ಇಂದು ಹಣ ಯಾವ ದಿಕ್ಕಿನಲ್ಲಿ ಹರಿಯುತ್ತಿದೆ ಎಂಬುದನ್ನು ನೆನೆದರೆ ಸಂಕಟವಾಗುತ್ತದೆ. ಗೌಡರು 1957ರಲ್ಲಿ ಸೋತರು. ಆಗ ಅವರಿಗೆ ಬಿದ್ದ ಮತಗಳನ್ನು ಹಾಳಾದ ಮತಗಳೆಂದು ಕರೆಯುವುದಾದರೆ 1962ರಲ್ಲಿಯೂ 1967ರಲ್ಲಿಯೂ ಅವರು ಮತ್ತೆ ಸದನಕ್ಕೆ ಬಂದದ್ದು ಯಾವ ನೆಲದ ಮೇಲೆ ನಿಂತು? ನಿಮ್ಮ ಭಾಗದಲ್ಲಿಯೇ ರೈತ ನಾಯಕ ಕೆ.ಎಸ್. ಪುಟ್ಟಣ್ಣಯ್ಯನವರು 1994ರಲ್ಲಿ ಪಾಂಡವಪುರದಿಂದ ಗೆದ್ದರು, ಮುಂದೆ ಸೋಲುಗಳನ್ನು ಕಂಡರು, 2013ರಲ್ಲಿ ಮೇಲುಕೋಟೆಯಿಂದ ಮತ್ತೆ ಗೆದ್ದರು. ನಡುವಿನ ಸೋಲುಗಳಲ್ಲಿ ಜೊತೆ ಬಿಡದ ಮತದಾರರಿಲ್ಲದಿದ್ದರೆ ಆ ಎರಡನೆಯ ಗೆಲುವು ಇರುತ್ತಿರಲಿಲ್ಲ.

ಆದರೆ ಎಲ್ಲ ಪಕ್ಷೇತರರೂ ಒಂದೇ ಅಲ್ಲ. ಚುನಾವಣೆಯ ಸಮಯದಲ್ಲಿ ಮಾತ್ರ ಕಾಣಿಸಿಕೊಂಡು, ಇನ್ನೊಬ್ಬರ ಮತ ಒಡೆಯಲೆಂದೇ ನಿಲ್ಲಿಸಲ್ಪಟ್ಟವರೂ ಇರುತ್ತಾರೆ. ನಿಮ್ಮ ಮೂರನೆಯ ಅಭ್ಯರ್ಥಿಯ ಸಂಘಟನೆ ಚುನಾವಣೆ ಇಲ್ಲದ ವರ್ಷಗಳಲ್ಲಿಯೂ ತಾಲ್ಲೂಕಿನಲ್ಲಿ ಕೆಲಸ ಮಾಡಿದೆಯೇ, ನಾಲೆಗೆ ನೀರು ಬಿಡದಿದ್ದಾಗ, ಕಾರ್ಖಾನೆ ಕಬ್ಬಿನ ಬಾಕಿ ಉಳಿಸಿಕೊಂಡಾಗ ಬೀದಿಗೆ ಬಂದಿದೆಯೇ ಎಂದು ನೋಡಿ. ಬಂದಿದ್ದರೆ ಸೋತರೂ ಆ ಮತಕ್ಕೆ ಬಲವಿದೆ. ಮುಂದಿನ ಸಲ ದೊಡ್ಡ ಪಕ್ಷಗಳು ಅವರ ಬೇಡಿಕೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಚಲಾಯಿತ ಸಿಂಧು ಮತಗಳ ಆರನೆಯ ಒಂದು ಭಾಗಕ್ಕಿಂತ ಹೆಚ್ಚು ಬಂದರೆ ಠೇವಣಿ ಉಳಿಯುತ್ತದೆ, ಅದೂ ಒಂದು ಗುರುತು.

ಒಂದು ಮತದಿಂದ ಏನಾಗುತ್ತದೆ ಎನ್ನುವವರಿಗೆ 2004ರ ಸಂತೇಮರಹಳ್ಳಿಯನ್ನು ನೆನಪಿಸಿ. ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿಯವರನ್ನು ಅಲ್ಲಿ ಸೋಲಿಸಿದ್ದು ಒಂದೇ ಒಂದು ಮತದಿಂದ. ಹೀಗಾಗಿ ಪಕ್ಷೇತರರಿಗೆ ಹಾಕುವ ಮುನ್ನ ಇನ್ನೊಂದನ್ನೂ ಯೋಚಿಸಬೇಕು: ಉಳಿದ ಇಬ್ಬರಲ್ಲಿ ಯಾರೇ ಗೆದ್ದರೂ ನಿಮಗೆ ಸಮಾಧಾನವೇ? ಇಬ್ಬರಲ್ಲಿ ಒಬ್ಬರು ಬರಲೇಬಾರದು ಎನಿಸುವುದಾದರೆ, ಹೋರಾಟ ಬಿಗಿಯಾಗಿದ್ದರೆ, ಆ ಇನ್ನೊಬ್ಬರಿಗೆ ಹಾಕುವುದು ಹೇಡಿತನವಲ್ಲ.


ವಕೀಲರು, ಧಾರವಾಡ, 3 ಮೇ 2023

ನೋಟಾ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 2013ರ ಸೆಪ್ಟೆಂಬರ್ 27ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ಅದು ಮತಯಂತ್ರಕ್ಕೆ ಬಂತು. ಅತಿ ಹೆಚ್ಚು ಮತ ನೋಟಾಕ್ಕೇ ಬಿದ್ದರೂ ಅಭ್ಯರ್ಥಿಗಳ ಪೈಕಿ ಹೆಚ್ಚು ಮತ ಪಡೆದವರೇ ಗೆದ್ದಂತೆ. ಠೇವಣಿಯ ಲೆಕ್ಕಕ್ಕೂ ಅದು ಸೇರುವುದಿಲ್ಲ. ಕಣದಲ್ಲಿರುವ ಎಲ್ಲರೂ ಸಮಾನವಾಗಿ ಅಯೋಗ್ಯರೆಂದು ತೋರಿದಾಗ ಅದನ್ನು ಬಳಸಬಹುದು. ನಿಮ್ಮ ಮೂವರಲ್ಲಿ ಇಬ್ಬರು ಯೋಗ್ಯರೆಂದು ನೀವೇ ಬರೆದಿದ್ದೀರಿ.

ಇನ್ನೊಂದು ಕೆಲಸ ಮಾಡಿ. ಸರ್ವೋಚ್ಚ ನ್ಯಾಯಾಲಯದ 2020ರ ಫೆಬ್ರುವರಿ 13ರ ಆದೇಶದ ಪ್ರಕಾರ, ಕ್ರಿಮಿನಲ್ ಪ್ರಕರಣ ಬಾಕಿಯಿರುವವರಿಗೆ ಟಿಕೆಟ್ ಕೊಟ್ಟ ಪಕ್ಷ, ಅವರನ್ನೇ ಏಕೆ ಆರಿಸಿತು, ಪ್ರಕರಣಗಳಿಲ್ಲದ ಬೇರೆಯವರನ್ನು ಏಕೆ ಆರಿಸಲಿಲ್ಲ ಎಂಬ ಕಾರಣಗಳನ್ನು ತನ್ನ ಜಾಲತಾಣದಲ್ಲಿಯೂ ಪತ್ರಿಕೆಗಳಲ್ಲಿಯೂ ಪ್ರಕಟಿಸಬೇಕು. ಗೆಲ್ಲುವ ಸಾಮರ್ಥ್ಯವೊಂದನ್ನೇ ಕಾರಣವಾಗಿ ಕೊಡುವಂತಿಲ್ಲ. ನಿಮ್ಮ ಪಕ್ಷ ಏನು ಬರೆದಿದೆ ಎಂದು ಓದಿ.


ತಾಲ್ಲೂಕಿನ ಮತದಾರ, 7 ಮೇ 2023

ಓದಿದೆ. ನಾನು ಇಷ್ಟು ವರ್ಷ ಬೆಂಬಲಿಸಿದ ಪಕ್ಷ ನಮ್ಮ ಕ್ಷೇತ್ರದ ಬಗ್ಗೆ ಬರೆದಿರುವುದು ಎರಡು ಸಾಲು: ಅವರು ಜನಪ್ರಿಯರು, ಸಮಾಜಸೇವಕರು, ಪ್ರಕರಣಗಳು ರಾಜಕೀಯ ಪ್ರೇರಿತ. ನೆರೆಯ ಕ್ಷೇತ್ರವೊಂದರ ಅಭ್ಯರ್ಥಿಯ ಬಗ್ಗೆಯೂ ಅಕ್ಷರಶಃ ಅದೇ ಎರಡು ಸಾಲು ಇವೆ. ಎದುರಾಳಿ ಪಕ್ಷವೂ ತನ್ನ ಬೇರೆ ಕ್ಷೇತ್ರಗಳ ಅಭ್ಯರ್ಥಿಗಳಿಗೆ ಇದಕ್ಕಿಂತ ಭಿನ್ನವಾಗಿ ಬರೆದಿಲ್ಲ ಎಂಬುದನ್ನೂ ನೋಡಿದೆ. ಆದರೆ ನಾನು ಮತ ಹಾಕುವುದು ನಮ್ಮ ಕ್ಷೇತ್ರದಲ್ಲಿ.

ಈ ಬಾರಿ ಎರಡನೆಯ ಅಭ್ಯರ್ಥಿಗೆ ಹಾಕಲು ನಿರ್ಧರಿಸಿದ್ದೇನೆ. ವಕೀಲ ಸರ್ ಹೇಳಿದ ಬೆಲೆಯನ್ನು ತೆರುತ್ತಿದ್ದೇನೆ ಎಂಬ ಅರಿವು ನನಗಿದೆ. ನಾನು ವಿರೋಧಿಸುವ ನೀತಿಗಳಿಗೆ ನನ್ನ ಕ್ಷೇತ್ರದಿಂದ ಒಂದು ಕೈ ಸೇರಬಹುದು. ಆದರೂ ಮೊದಲನೆಯವರು ಗೆದ್ದರೆ ತಾಲ್ಲೂಕಿನ ಕಾಮಗಾರಿಗಳೂ, ಅವುಗಳನ್ನು ಪರಿಶೀಲಿಸುವ ಸಭೆಯೂ, ಪರಿಶೀಲಿಸುವ ಅಧಿಕಾರಿಗಳ ವರ್ಗಾವಣೆಯೂ ಒಂದೇ ಮನೆಯೊಳಗೆ ಸೇರುತ್ತವೆ. ಅದನ್ನು ನಾನು ಒಪ್ಪಲಾರೆ. ಅವರು ಇದೇ ಪಕ್ಷದಲ್ಲಿ ಉಳಿಯುತ್ತಾರೆಂಬ ನಂಬಿಕೆ ಇದ್ದಿದ್ದರೆ ಬಹುಶಃ ಬೇರೆ ತೀರ್ಮಾನಕ್ಕೆ ಬರುತ್ತಿದ್ದೆನೋ ಏನೋ. ಮೂರನೆಯವರಿಗೆ ಹಾಕಲು ಮನಸ್ಸು ಬಹಳ ಎಳೆಯಿತು. ಹೋರಾಟ ಬಿಗಿಯಾಗಿದೆ ಎಂದು ಎಲ್ಲ ಕಡೆಯವರೂ ಹೇಳುತ್ತಿರುವುದರಿಂದ ಸಾಗರದ ಓದುಗರ ಕೊನೆಯ ಮಾತನ್ನು ಹಿಡಿದೆ. ಮೂರನೆಯವರ ಸಂಘಟನೆಗೆ ನನ್ನಿಂದಾದಷ್ಟು ದೇಣಿಗೆ ಕೊಟ್ಟು ರಸೀದಿ ಪಡೆದಿದ್ದೇನೆ.

ಚಿಂತೆಯೊಂದು ಉಳಿದಿದೆ. ನಾನು ಏಕೆ ಹೀಗೆ ಮಾಡಿದೆ ಎಂಬುದು ಮತಯಂತ್ರಕ್ಕೆ ಗೊತ್ತಾಗುವುದಿಲ್ಲ. ಎರಡನೆಯವರು ಗೆದ್ದರೆ ತಮ್ಮ ನೀತಿಗಳಿಗೆ ಜನ ಒಪ್ಪಿಗೆ ಕೊಟ್ಟರು ಎಂದು ಆ ಪಕ್ಷ ಹೇಳಿಕೊಳ್ಳುತ್ತದೆ. ಜನ ತಮ್ಮ ನೀತಿಗಳನ್ನು ತಿರಸ್ಕರಿಸಿದರು ಎಂದು ನನ್ನ ಪಕ್ಷ ತಿಳಿದುಕೊಳ್ಳುತ್ತದೆ. ಎರಡೂ ನಿಜವಲ್ಲ. ಆದ್ದರಿಂದ ಪಕ್ಷದ ಜಿಲ್ಲಾ ಅಧ್ಯಕ್ಷರಿಗೂ ರಾಜ್ಯ ಕಚೇರಿಗೂ ಪತ್ರ ಬರೆದಿದ್ದೇನೆ: ನಿಮ್ಮ ನೀತಿಗಳನ್ನು ಇಂದಿಗೂ ಒಪ್ಪುತ್ತೇನೆ, ನಿಮ್ಮ ಅಭ್ಯರ್ಥಿಯಿಂದಾಗಿ ನನ್ನ ಮತವನ್ನು ಕಳೆದುಕೊಂಡಿದ್ದೀರಿ, ಮುಂದಿನ ವರ್ಷದ ಲೋಕಸಭಾ ಚುನಾವಣೆಗೆ ಯಾರನ್ನು ನಿಲ್ಲಿಸುತ್ತೀರಿ ಎಂದು ನೋಡುತ್ತೇನೆ. ಇದನ್ನು ನಾಳೆಯೇ ಕಳುಹಿಸಲೇ?


ನಿವೃತ್ತ ಶಿರಸ್ತೇದಾರ್, 7 ಮೇ 2023

ಪತ್ರ ಬಹಳ ಒಳ್ಳೆಯ ಯೋಚನೆ. ಆದರೆ ನೀವು ಊರಿನಲ್ಲಿಯೇ ವ್ಯಾಪಾರ ಮಾಡಿಕೊಂಡಿರುವವರು; ಮತದಾನಕ್ಕೆ ಮೊದಲು ಕಳುಹಿಸಬೇಡಿ. 13ರಂದು ಫಲಿತಾಂಶ ಬಂದ ಮೇಲೆ, ಯಾರೇ ಗೆದ್ದಿರಲಿ, ರಾಜ್ಯ ಕಚೇರಿಗೆ ಮಾತ್ರ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿ, ಜಿಲ್ಲೆಯವರಿಗೆ ಬೇಡ. ಗೆದ್ದವರು ನೀವು ಹಾಕಿದವರೇ ಆಗಿದ್ದರೆ ಮೊದಲ ಕೆಡಿಪಿ ಸಭೆಯ ನಡಾವಳಿಯನ್ನು ಮಾಹಿತಿ ಹಕ್ಕಿನಡಿ ಕೇಳಿ ಪಡೆಯಿರಿ. ಅರ್ಜಿ ಹೇಗೆ ಬರೆಯಬೇಕೆಂದು ನಾನು ತಿಳಿಸುತ್ತೇನೆ. ಬಗರ್ ಹುಕುಂ ಸಮಿತಿ ರಚನೆಯಾಯಿತೇ, ಎಷ್ಟು ಸಲ ಸೇರಿತು ಎಂಬುದನ್ನು ಅದರಲ್ಲಿಯೇ ಕೇಳಿ.


ವಕೀಲರು, ಧಾರವಾಡ, 8 ಮೇ 2023

ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಈಗಲೂ ಪಕ್ಷಕ್ಕೇ ಹಾಕುತ್ತಿದ್ದೆ. ಐದು ವರ್ಷಗಳ ಸರ್ಕಾರದ ತೂಕ ನನಗೆ ಹೆಚ್ಚಾಗಿ ಕಾಣುತ್ತದೆ. ಆದರೆ ನೀವು ತೂಗಿದ ರೀತಿಯಲ್ಲಿ ನನಗೆ ದೋಷ ಕಾಣುವುದಿಲ್ಲ. ಪತ್ರದ ಪ್ರತಿಯೊಂದನ್ನು, ಹೆಸರು ಮತ್ತು ಊರನ್ನು ತೆಗೆದು, ಇಲ್ಲಿ ಹಾಕಿದರೆ ನಮ್ಮ ಕಡೆಯ ಕೆಲವರಿಗೂ ಉಪಯೋಗವಾಗುತ್ತದೆ. ಇಲ್ಲಿಯೂ ಇದೇ ಸಂಕಟದಲ್ಲಿರುವವರು ಇದ್ದಾರೆ.